ಹೂಡಿಕೆದಾರ ಕೊಂಡ ಹೊಲ, ಪಕ್ಕದ ರೈತನ ಲೆಕ್ಕ

ಈ ವಾರ ನಮ್ಮ ಗುಂಪಿನ ಪ್ರಶ್ನೋತ್ತರದಲ್ಲಿ ಉತ್ತರಿಸುವವರು ಕೃಷಿ ಜಮೀನಿನ ಮೌಲ್ಯಮಾಪಕಿ. ಮೊದಲು ಬ್ಯಾಂಕಿನ ಪರವಾಗಿ, ಆಮೇಲೆ ಆರು ವರ್ಷ ಒಂದು ಹೂಡಿಕೆ ನಿಧಿಯ ಪರವಾಗಿ ಹೊಲಗಳಿಗೆ ಬೆಲೆ ಕಟ್ಟಿದವರು. ಈಗ ಗೇಣಿ ಕರಾರುಗಳ ವಿಷಯದಲ್ಲಿ ರೈತರಿಗೆ ಸಲಹೆ ಕೊಡುತ್ತಾರೆ. ಕೇಳಿದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ (ಗೇಣಿಗೆ ಸಾಗುವಳಿ ಮಾಡುವ ರೈತ): ಮೇಡಂ, ನನ್ನ ಸ್ವಂತ ಹೊಲದ ಬದುವಿಗೆ ಹೊಂದಿಕೊಂಡ ಜಮೀನನ್ನು ಹನ್ನೊಂದು ವರ್ಷದಿಂದ ಗೇಣಿಗೆ ಮಾಡುತ್ತಿದ್ದೇನೆ. ಯಜಮಾನರು ತೀರಿಕೊಂಡರು. ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ಇದ್ದಾರೆ, ಮಾರಿಬಿಟ್ಟರು. ಕೊಂಡದ್ದು ಒಂದು ಹೂಡಿಕೆ ಸಂಸ್ಥೆ. ನಾನೂ ಕೇಳಿದ್ದೆ, ಆದರೆ ಅವರು ಕೊಟ್ಟ ಬೆಲೆಯ ಅರ್ಧವನ್ನೂ ಹೊಂದಿಸಲು ನನ್ನಿಂದ ಆಗಲಿಲ್ಲ. ಈಗ ಅವರ ಮ್ಯಾನೇಜರ್ ಬಂದು, ನೀವೇ ಮುಂದುವರಿಸಿ, ಗೇಣಿ ಮಾತ್ರ ಹೆಚ್ಚಾಗುತ್ತದೆ ಎನ್ನುತ್ತಾರೆ. ಆ ಮಣ್ಣಿನಲ್ಲಿ ಎಷ್ಟು ಬೆಳೆಯುತ್ತದೆ ಎಂದು ನನಗೆ ಗೊತ್ತು. ಆ ಬೆಲೆ ಅದರಿಂದ ಹುಟ್ಟುವುದೇ ಇಲ್ಲ. ಅವರಿಗೆ ಹೇಗೆ ಗಿಟ್ಟುತ್ತದೆ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ತಮಾಷೆಯೆಂದರೆ ಅವರ ಲೆಕ್ಕವೂ ಸರಿಯಾಗಿದೆ.

ಒಂದು ಎಕರೆಯಿಂದ ಎಲ್ಲ ಖರ್ಚು ಕಳೆದು ವರ್ಷಕ್ಕೆ 100 ಉಳಿಯುತ್ತದೆ ಎಂದಿಟ್ಟುಕೊಳ್ಳಿ, ಯಾವ ದೇಶದ ಹಣವಾದರೂ ಆಗಲಿ. ನೀವು ಕೊಳ್ಳುವುದು ಸಾಲ ತೆಗೆದು, ಬಡ್ಡಿ ಶೇ. 8 ಎನ್ನೋಣ. ಬೆಳೆಯಿಂದ ಬಂದದ್ದು ಬರಿಯ ಬಡ್ಡಿಗೆ ಸರಿಹೋಗಬೇಕೆಂದರೂ ನೀವು ಕೊಡಬಹುದಾದ ಬೆಲೆ 1,250. ಅಸಲು ತೀರಿಸಬೇಕೆಂದರೆ ಇನ್ನೂ ಕಡಿಮೆ. ಹೂಡಿಕೆ ನಿಧಿಯ ಕೈಯಲ್ಲಿರುವುದು ಹೆಚ್ಚಾಗಿ ಪಿಂಚಣಿ ಮತ್ತು ವಿಮೆಯ ಹಣ, ಅದು ಇಪ್ಪತ್ತು ಮೂವತ್ತು ವರ್ಷ ಕಾಯಬಲ್ಲ ಹಣ. ಸದ್ಯಕ್ಕೆ ಗೇಣಿಯಾಗಿ ಶೇ. 3 ಬಂದರೆ ಸಾಕು, ಮಿಕ್ಕದ್ದು ಜಮೀನಿನ ಬೆಲೆ ಏರಿದಾಗ ಸಿಗುತ್ತದೆ ಎಂಬುದು ಅದರ ಎಣಿಕೆ. ವರ್ಷಕ್ಕೆ ಅದೇ 100, ಶೇ. 3ರ ಲೆಕ್ಕದಲ್ಲಿ ಬೆಲೆ ಕಟ್ಟಿದರೆ 3,333. ಮಣ್ಣು ಅದೇ, ಬೆಳೆಯೂ ಅದೇ, ಬೆಲೆ ಮಾತ್ರ ಎರಡೂವರೆ ಪಟ್ಟಿಗೂ ಹೆಚ್ಚು.

ನಿಧಿಯಲ್ಲಿದ್ದಾಗ ನಾನು ಬರೆಯುತ್ತಿದ್ದ ವರದಿಗಳಲ್ಲಿ ಮಣ್ಣಿನ ಗುಣ, ನೀರು, ರಸ್ತೆ ಎಲ್ಲ ಮೊದಲ ಪುಟಗಳಲ್ಲೇ ಬರುತ್ತಿತ್ತು. ಆದರೆ ಕೊಳ್ಳಬೇಕೋ ಬೇಡವೋ ಎಂಬುದು ತೀರ್ಮಾನವಾಗುತ್ತಿದ್ದದ್ದು ಕೊನೆಯ ಪುಟದ ಒಂದೇ ಸಾಲಿನಲ್ಲಿ: ಹತ್ತು ವರ್ಷದ ನಂತರ ಏನು ಬೆಲೆಗೆ ಹೋಗಬಹುದು? ಆ ಸಾಲಿಗೆ ನಾನು ಬರೆದ ಅಂಕಿ ನನ್ನ ಊಹೆ. ಅಚ್ಚುಕಟ್ಟಾಗಿ ಮುದ್ರಿಸಿದ ಊಹೆ.

ಈ ಊಹೆ ಎಲ್ಲ ಕಾಲಕ್ಕೂ ನಿಲ್ಲುವುದಿಲ್ಲ. ಅಮೆರಿಕದ ಅಯೋವಾದಲ್ಲಿ 1981ರಿಂದ 1986ರೊಳಗೆ ಕೃಷಿ ಜಮೀನಿನ ಸರಾಸರಿ ಬೆಲೆ ಶೇ. 60ಕ್ಕೂ ಹೆಚ್ಚು ಕುಸಿಯಿತು. ಆ ಹೊಡೆತ ತಿಂದವರು ಜಮೀನಿನ ಆಧಾರದ ಮೇಲೆ ಸಾಲ ಮಾಡಿದ್ದ ರೈತ ಕುಟುಂಬಗಳು. ಅಂಥ ಕುಸಿತ ಬಂದರೆ ನಿಧಿಗೆ ಒಂದು ಕೆಟ್ಟ ವರ್ಷದ ವರದಿ ಬರೆಯಬೇಕಾಗುತ್ತದೆ. ಸಾಲ ಮಾಡಿದ ರೈತನಿಗೆ ಹರಾಜಿನ ನೋಟಿಸು ಬರುತ್ತದೆ.

ಗೇಣಿ ಏಕೆ ಏರಿತು ಎಂಬುದು ಬೇರೆ ಕಥೆ. ಹೆಚ್ಚು ಕೊಟ್ಟು ಕೊಂಡಿದ್ದಾರೆ, ಅದಕ್ಕೇ ಗೇಣಿ ಹೆಚ್ಚು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಪಕ್ಕದ ಇನ್ನೊಬ್ಬ ರೈತ ಎಷ್ಟು ಕೊಡಲು ಸಿದ್ಧನಿದ್ದಾನೋ ಅಷ್ಟಕ್ಕೆ ಗೇಣಿ ನಿಲ್ಲುತ್ತದೆ. ನಿಮ್ಮ ಹಳೆಯ ಯಜಮಾನರು ಆ ಮಟ್ಟಕ್ಕಿಂತ ಕೆಳಗೆ ಕೊಟ್ಟಿದ್ದರು, ನನಗೆ ಅನುಮಾನವೇ ಇಲ್ಲ. ಕಾಲುವೆಯ ಹೂಳು ನೀವು ತೆಗೆಸಿರುತ್ತೀರಿ. ದನ ನುಗ್ಗಿದರೆ ಅಟ್ಟಿರುತ್ತೀರಿ, ಬೇಲಿ ಮುರಿದರೆ ಫೋನ್ ಮಾಡಿ ತಿಳಿಸಿರುತ್ತೀರಿ. ಅವರು ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಗೇಣಿ ಏರಿಸದೆ ಬಿಟ್ಟಿರುತ್ತಾರೆ. ಕಾಗದದ ಮೇಲೆ ಎಲ್ಲೂ ಬರದ ಒಪ್ಪಂದ ಅದು. ಜಮೀನು ಮಾರಿದ ದಿನ ಅದೂ ಮುಗಿಯಿತು. ಹೊಸ ಮ್ಯಾನೇಜರ್ ಕೆಟ್ಟವರೇ ಆಗಬೇಕಿಲ್ಲ. ಅವರ ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ, ಅಷ್ಟೇ.

ಪ್ರಶ್ನೆ (ಬ್ಯಾಂಕ್ ಉದ್ಯೋಗಿ): ಸ್ವಲ್ಪ ಅತಿಯಾಯಿತು ಎನಿಸುತ್ತಿದೆ. ಎಲ್ಲ ಕಡೆ ಸಣ್ಣ ರೈತನ ಜಮೀನು ಕೊಳ್ಳುತ್ತಿರುವುದು ಅಲ್ಲಿಯ ದೊಡ್ಡ ರೈತನೇ ಅಲ್ಲವೇ? ಬಿಲ್ ಗೇಟ್ಸ್ ಅಮೆರಿಕದ ಜಮೀನನ್ನೆಲ್ಲ ಕೊಂಡುಬಿಟ್ಟರು ಎಂಬ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ನಿಜವೆಷ್ಟು?

ಉತ್ತರ: ಗೇಟ್ಸ್ ವಿಷಯದಲ್ಲಿ ನಿಮ್ಮ ಅನುಮಾನ ಸರಿ. 2021ರಲ್ಲಿ ಸುದ್ದಿಯಾದ ಲೆಕ್ಕದಂತೆ ಅವರ ಬಳಿ ಸುಮಾರು 2 ಲಕ್ಷ 42 ಸಾವಿರ ಎಕರೆ ಕೃಷಿ ಜಮೀನು ಇತ್ತು. ಆ ದೇಶದ ಖಾಸಗಿ ಕೃಷಿಭೂಮಿ ಒಡೆಯರಲ್ಲಿ ಅವರೇ ಮೊದಲಿಗರು. ಆದರೆ ಅಮೆರಿಕದ ಒಟ್ಟು ಕೃಷಿಭೂಮಿ ಸುಮಾರು 90 ಕೋಟಿ ಎಕರೆ. ಅದರಲ್ಲಿ ಇದು ಹತ್ತು ಸಾವಿರ ಎಕರೆಗೆ ಮೂರು ಎಕರೆಯೂ ಆಗುವುದಿಲ್ಲ. ಒಬ್ಬ ಶ್ರೀಮಂತನ ಮುಖ ತೋರಿಸಿದರೆ ಸಂದೇಶ ಓಡುತ್ತದೆ, ವಿಷಯ ಹಿಂದೆ ಉಳಿಯುತ್ತದೆ.

ದೊಡ್ಡ ರೈತನ ಮಾತೂ ನಿಜ. ಅಯೋವಾದಲ್ಲಿ ಪ್ರತಿವರ್ಷ ಜಮೀನಿನ ಬೆಲೆಯ ಸಮೀಕ್ಷೆ ನಡೆಯುತ್ತದೆ. ಮಾರಾಟವಾದ ಜಮೀನಿನಲ್ಲಿ ಸುಮಾರು ಶೇ. 70ನ್ನು ಸ್ಥಳೀಯ ರೈತರೇ ಕೊಳ್ಳುತ್ತಾರೆ ಎಂದು ಅದು ಹೇಳುತ್ತದೆ. ಹೂಡಿಕೆದಾರರ ಪಾಲು ಐದರಲ್ಲಿ ಒಂದರ ಆಸುಪಾಸು.

ಹಾಗಿದ್ದೂ ನಾನು ಹೂಡಿಕೆದಾರರ ಬಗ್ಗೆಯೇ ಮಾತನಾಡುತ್ತಿದ್ದೇನೆ, ಏಕೆಂದರೆ ಜಮೀನಿನ ಪೇಟೆ ಬಹಳ ಸಣ್ಣದು. ಒಂದು ಪ್ರದೇಶದ ನೂರು ಹೊಲಗಳಲ್ಲಿ ವರ್ಷಕ್ಕೆ ಒಂದೋ ಎರಡೋ ಮಾರಾಟಕ್ಕೆ ಬರುತ್ತವೆ. ಆ ಒಂದನ್ನು ಹೊರಗಿನ ಹಣ ಎತ್ತಿಕೊಂಡರೆ ಮುಂದಿನ ವರ್ಷ ನಮ್ಮಂಥ ಮೌಲ್ಯಮಾಪಕರು ಮಿಕ್ಕ ತೊಂಬತ್ತೊಂಬತ್ತಕ್ಕೆ ಬೆಲೆ ಕಟ್ಟುವಾಗ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತೇವೆ. ಈಗಾಗಲೇ ಜಮೀನು ಇರುವ ರೈತನಿಗೆ ಅದು ಒಳ್ಳೆಯದೇ. ಕಾಗದದ ಮೇಲೆ ಆಸ್ತಿ ಹೆಚ್ಚುತ್ತದೆ, ಸಾಲ ಹೆಚ್ಚು ಸಿಗುತ್ತದೆ, ಆ ಸಾಲದಿಂದ ಅವನು ಇನ್ನೊಂದು ಹೊಲ ಕೊಳ್ಳುತ್ತಾನೆ. ಏನೂ ಇಲ್ಲದೆ ಹೊಸದಾಗಿ ಶುರು ಮಾಡುವವನಿಗೆ ಬಾಗಿಲು ಮುಚ್ಚುತ್ತದೆ. ನೀವು ಹೇಳಿದ ದೊಡ್ಡ ರೈತ ಮತ್ತು ನಾನು ಹೇಳುವ ನಿಧಿ ಒಬ್ಬರಿಗೊಬ್ಬರು ಪೈಪೋಟಿ ಎಂದುಕೊಳ್ಳಬೇಡಿ. ಹಲವು ಸಲ ನಿಧಿಯ ಜಮೀನನ್ನು ಗೇಣಿಗೆ ಹಿಡಿಯುವವನು ಅದೇ ದೊಡ್ಡ ರೈತ. ಮ್ಯಾನೇಜರಿಗೆ ಹತ್ತು ಜನ ಗೇಣಿದಾರರ ಜೊತೆ ಹೆಣಗುವುದಕ್ಕಿಂತ ಒಬ್ಬನೊಂದಿಗೆ ವ್ಯವಹಾರ ಸುಲಭ.

ಪ್ರಶ್ನೆ (ನಿವೃತ್ತ ಶಿಕ್ಷಕಿ): ಜಮೀನು ಯಾರದಾದರೇನು, ಬೆಳೆ ಬರುತ್ತದಲ್ಲ ಎಂದು ನನ್ನ ಮಗ ವಾದಿಸುತ್ತಾನೆ. ಊರಿಗೆ ನಿಜವಾಗಿ ಏನಾದರೂ ವ್ಯತ್ಯಾಸ ಆಗುತ್ತದೆಯೇ, ಇಲ್ಲ ನಮ್ಮದು ಹಳೆಯ ಕಾಲದ ಹಂಬಲವೇ?

ಉತ್ತರ: ನಿಮ್ಮ ಮಗನ ಪ್ರಶ್ನೆ ಹಳೆಯದು, ಗೌರವಕ್ಕೆ ಅರ್ಹವಾದದ್ದು. 1940ರ ದಶಕದಲ್ಲಿ ವಾಲ್ಟರ್ ಗೋಲ್ಡ್‌ಸ್ಮಿತ್ ಎಂಬ ಮಾನವಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಎರಡು ಊರುಗಳನ್ನು ಹೋಲಿಸಿ ನೋಡಿದರು. ಆರ್ವಿನ್ ಸುತ್ತ ದೊಡ್ಡ ದೊಡ್ಡ ಹಿಡುವಳಿಗಳು, ಡಿನೂಬಾ ಸುತ್ತ ಕುಟುಂಬಗಳ ಸಣ್ಣ ಹಿಡುವಳಿಗಳು. ಎರಡೂ ಕಡೆ ಬೆಳೆಯ ಒಟ್ಟು ಮೌಲ್ಯ ಹೆಚ್ಚುಕಡಿಮೆ ಒಂದೇ. ಆದರೆ ಡಿನೂಬಾದಲ್ಲಿ 62 ವ್ಯಾಪಾರ ಮಳಿಗೆಗಳಿದ್ದವು, ಆರ್ವಿನ್‌ನಲ್ಲಿ 35. ಶಾಲೆ, ಉದ್ಯಾನ, ಸಂಘ ಸಂಸ್ಥೆಗಳಲ್ಲೂ ಡಿನೂಬಾ ಮುಂದೆ. ಹೊಲದ ಲಾಭ ಊರಿನಲ್ಲಿಯೇ ವಾಸಿಸುವವರ ಕೈಗೆ ಬಂದರೆ ಊರಿನಲ್ಲಿಯೇ ಖರ್ಚಾಗುತ್ತದೆ ಎಂಬುದು ಅವರ ವಾದದ ತಿರುಳು.

ಈ ಅಧ್ಯಯನಕ್ಕೆ ಆಕ್ಷೇಪಗಳೂ ಬಂದವು. ಆರ್ವಿನ್ ಇನ್ನೂ ಎಳೆಯ ಊರು, ನೀರಿನ ಸ್ಥಿತಿಯೂ ಬೇರೆ, ಹಾಗಾಗಿ ಎಲ್ಲವನ್ನೂ ಹಿಡುವಳಿಯ ಗಾತ್ರಕ್ಕೆ ಕಟ್ಟಬಾರದು ಎಂದರು. ಆ ಆಕ್ಷೇಪ ನನಗೂ ಒಪ್ಪಿಗೆ. ಅಲ್ಲದೆ ಅದು ಹಿಡುವಳಿಯ ಗಾತ್ರದ ಅಧ್ಯಯನ, ಹೂಡಿಕೆದಾರರ ಒಡೆತನದ್ದಲ್ಲ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮೊದಲು ಕಾಣುವ ವ್ಯತ್ಯಾಸ ಮಣ್ಣಿನಲ್ಲಿ. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಅದರ ಫಲ ಪೂರ್ತಿ ಕೈಗೆ ಬರಲು ಕೆಲವು ವರ್ಷ ಬೇಕು. ಕೊಟ್ಟಿಗೆ ಗೊಬ್ಬರದ ಕಸುವು ಒಂದೇ ಬೆಳೆಗೆ ಮುಗಿಯುವುದಿಲ್ಲ. ಬದು ಕಟ್ಟುವುದು, ಬಸಿಗಾಲುವೆ ತೋಡುವುದು, ಇವೆಲ್ಲ ಹತ್ತಾರು ವರ್ಷದ ಕೆಲಸ. ಒಂದು ವರ್ಷದ ಕರಾರಿನಲ್ಲಿರುವ ಗೇಣಿದಾರ ಇದನ್ನು ಮಾಡಿದರೆ ನಾವು ಅವನನ್ನು ಒಳ್ಳೆಯವನು ಎನ್ನಬಹುದು, ಬುದ್ಧಿವಂತ ಎನ್ನಲಾರೆವು. ಒಡೆಯ ದೂರದಲ್ಲಿದ್ದಾನೆ, ಅವನಿಗೆ ಮಣ್ಣು ಕಾಣುವುದಿಲ್ಲ. ಉಳುವವನಿಗೆ ಮಣ್ಣು ಕಾಣುತ್ತದೆ, ಮುಂದಿನ ವರ್ಷ ಕಾಣುವುದಿಲ್ಲ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಈ ರೋಗ ಹೂಡಿಕೆ ನಿಧಿಗಳಿಂದ ಶುರುವಾದದ್ದಲ್ಲ. ಅಮೆರಿಕದ ಕೃಷಿ ಇಲಾಖೆ 2014ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅಲ್ಲಿಯ ಕೃಷಿಭೂಮಿಯಲ್ಲಿ ಶೇ. 39 ಗೇಣಿಯಲ್ಲಿದೆ. ಹಾಗೆ ಗೇಣಿಗೆ ಹೋದ ಜಮೀನಿನ ಶೇ. 80ರ ಒಡೆಯರು ಸ್ವತಃ ಬೇಸಾಯ ಮಾಡದವರು. ಅವರಲ್ಲಿ ಬಹಳ ಮಂದಿ ವಿಧವೆಯರು, ವಯಸ್ಸಾದವರು, ಪಟ್ಟಣ ಸೇರಿದ ಮಕ್ಕಳು. ಮುಂದೆ ನಿಧಿಗೆ ಜಮೀನು ಬರುವುದು ಇವರ ಕೈಯಿಂದಲೇ.

ಪ್ರಶ್ನೆ (ಸಾಫ್ಟ್‌ವೇರ್ ಉದ್ಯೋಗಿ): ನಾನು ತಪ್ಪಿತಸ್ಥನ ಸ್ಥಾನದಲ್ಲಿ ನಿಂತು ಕೇಳುತ್ತಿದ್ದೇನೆ. ಆನ್‌ಲೈನಿನಲ್ಲಿ ಕೃಷಿ ಜಮೀನಿನ ಪಾಲು ಮಾರುವ ವೇದಿಕೆಯೊಂದರಲ್ಲಿ ಸ್ವಲ್ಪ ಹಣ ತೊಡಗಿಸಬೇಕೆಂದಿದ್ದೇನೆ. ನಾನು ಯಾವುದಾದರೂ ರೈತನ ಹೊಟ್ಟೆಯ ಮೇಲೆ ಹೊಡೆಯುತ್ತೇನೆಯೇ?

ಉತ್ತರ: ತಪ್ಪಿತಸ್ಥರ ಸ್ಥಾನದಲ್ಲಿ ನಾನು ನಿಮಗಿಂತ ಮುಂದೆ ನಿಂತಿದ್ದೇನೆ, ಆರು ವರ್ಷ ಆ ಸಂಬಳ ತಿಂದಿದ್ದೇನೆ.

ಹೂಡಿಕೆಯ ಹಣದಿಂದ ಒಳ್ಳೆಯದೂ ಆಗುತ್ತದೆ. ಅಣ್ಣ ತಮ್ಮಂದಿರಲ್ಲಿ ಒಬ್ಬ ಬೇಸಾಯ ಮಾಡುತ್ತಾನೆ, ಮೂವರು ತಮ್ಮ ಪಾಲು ಹಣವಾಗಿ ಬೇಕೆನ್ನುತ್ತಾರೆ. ಉಳುವವನ ಹತ್ತಿರ ಹಣವಿಲ್ಲ. ನಿಧಿ ಜಮೀನು ಕೊಂಡು ಅವನಿಗೇ ಹದಿನೈದು ವರ್ಷ ಗೇಣಿಗೆ ಕೊಟ್ಟರೆ ಅವನು ಬೇಸಾಯದಲ್ಲಿ ಉಳಿಯುತ್ತಾನೆ. ಹನಿ ನೀರಾವರಿಗೆ, ಬಸಿಗಾಲುವೆಗೆ ರೈತ ಹಾಕಲಾಗದ ಬಂಡವಾಳವನ್ನು ನಿಧಿ ಹಾಕಿದ ಹೊಲಗಳನ್ನೂ ಕಂಡಿದ್ದೇನೆ.

ಹಾಗಾಗಿ ಹಣ ಹಾಕಬೇಡಿ ಎನ್ನುವುದಿಲ್ಲ. ವೇದಿಕೆಯವರನ್ನು ಕೇಳಿ: ಉಳುವವನ ಕರಾರು ಎಷ್ಟು ವರ್ಷದ್ದು? ಹಳೆಯ ಗೇಣಿದಾರನನ್ನು ಉಳಿಸಿಕೊಂಡಿದ್ದೀರಾ? ಜಮೀನನ್ನು ಮಾರುವಾಗ ಮೊದಲು ಅವನನ್ನು ಕೇಳುತ್ತೀರಾ? ಉತ್ತರ ಕೊಡದೆ ನಿಮಗೆ ಬರುವ ಲಾಭದ ಶೇಕಡಾವಾರನ್ನೇ ಮತ್ತೆ ಮತ್ತೆ ಹೇಳಿದರೆ ಅರ್ಥಮಾಡಿಕೊಳ್ಳಿ. ಇನ್ನೊಂದು ಸಂಗತಿ ನಿಮ್ಮ ಜೇಬಿಗೆ ಸಂಬಂಧಿಸಿದ್ದು. ಜಮೀನಿನ ಪಾಲನ್ನು ಷೇರಿನ ಹಾಗೆ ಬೆಳಿಗ್ಗೆ ಮಾರಿ ಸಂಜೆ ಹಣ ಪಡೆಯಲಾಗದು. ಆ ಜಾಹೀರಾತಿನಲ್ಲಿ ಅದನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ ಎಂದು ನೋಡಿ.

ಪ್ರಶ್ನೆ (ಕಾನೂನು ವಿದ್ಯಾರ್ಥಿ): ಕಾನೂನಿನಿಂದ ತಡೆಯಬಹುದಲ್ಲವೇ? ಬೇರೆ ದೇಶಗಳು ಏನು ಮಾಡಿವೆ?

ಉತ್ತರ: ತಡೆದವರಿದ್ದಾರೆ. ಹಣ ಮಾತ್ರ ನೀರಿನ ಹಾಗೆ, ಬದುವಿನಲ್ಲಿ ಬಿಲ ಎಲ್ಲಿದೆ ಎಂದು ಹುಡುಕುತ್ತದೆ.

ನನಗೆ ಹೆಚ್ಚು ಪಾಠ ಕಲಿಸಿದ್ದು ಫ್ರಾನ್ಸ್. ಅಲ್ಲಿ 1960ರಿಂದ ಸಾಫೆರ್ ಎಂಬ ಪ್ರಾದೇಶಿಕ ಸಂಸ್ಥೆಗಳಿವೆ. ಕೃಷಿ ಜಮೀನು ಮಾರಾಟವಾಗುವಾಗ ಅವಕ್ಕೆ ತಿಳಿಸಬೇಕು. ಬೇಕೆನಿಸಿದರೆ ಅವು ನಡುವೆ ಬಂದು ತಾವೇ ಕೊಂಡು, ಹೊಸ ರೈತನಿಗೋ ನೆರೆಯ ಸಣ್ಣ ರೈತನಿಗೋ ಕೊಡಬಹುದು. ಕೇಳಲು ಬಹಳ ಚೆನ್ನಾಗಿದೆ. ಆದರೆ ಜಮೀನು ಒಂದು ಕಂಪನಿಯ ಹೆಸರಿನಲ್ಲಿದ್ದು, ಮಾರಾಟವಾಗುವುದು ಆ ಕಂಪನಿಯ ಷೇರುಗಳಾದರೆ? ಎಲ್ಲ ಷೇರುಗಳೂ ಕೈ ಬದಲಾಯಿಸದ ಹೊರತು ಸಾಫೆರ್‌ಗೆ ನಡುವೆ ಬರುವ ಹಕ್ಕಿರಲಿಲ್ಲ. 2014ರಿಂದ 2016ರ ನಡುವೆ ಚೀನಾದ ಹೂಡಿಕೆದಾರರು ಮಧ್ಯ ಫ್ರಾನ್ಸಿನಲ್ಲಿ ಸುಮಾರು 1,700 ಹೆಕ್ಟೇರ್ ಧಾನ್ಯ ಬೆಳೆಯುವ ಭೂಮಿಯನ್ನು ಹಿಡಿದದ್ದು ಹೀಗೆಯೇ. ಬಹುಪಾಲು ಷೇರು ಕೊಂಡು, ಚೂರು ಮಾತ್ರ ಹಳೆಯವರ ಕೈಯಲ್ಲಿ ಬಿಟ್ಟರು. ಕೊನೆಗೆ 2021ರ ಡಿಸೆಂಬರಿನಲ್ಲಿ ಷೇರು ವರ್ಗಾವಣೆಗೂ ಅನುಮತಿ ಬೇಕೆಂಬ ಕಾನೂನು ಬಂತು.

ಕೆನಡಾದ ಸಸ್ಕ್ಯಾಚೆವನ್ ಪ್ರಾಂತ್ಯದಲ್ಲಿ 2013ರ ಕೊನೆಗೆ ದೇಶದ ಪಿಂಚಣಿ ಹೂಡಿಕೆ ಮಂಡಳಿಯೇ ಸುಮಾರು 1 ಲಕ್ಷ 15 ಸಾವಿರ ಎಕರೆ ಕೊಳ್ಳುವುದಾಗಿ ಪ್ರಕಟಿಸಿತು. ರೈತರಿಂದ ಗದ್ದಲವೆದ್ದಿತು. 2015ರಲ್ಲಿ ಪ್ರಾಂತ್ಯ ಸರಕಾರ ಪಿಂಚಣಿ ನಿಧಿಗಳು ಕೃಷಿ ಜಮೀನು ಕೊಳ್ಳುವುದನ್ನೇ ನಿಷೇಧಿಸಿತು. ಹಾಗೆ ನೋಡಿದರೆ ಆ ಪಿಂಚಣಿ ಅದೇ ದೇಶದ ದುಡಿಯುವ ಜನರದ್ದೇ, ಅದರಲ್ಲಿ ರೈತರೂ ಇದ್ದಾರೆ. ಈ ವಿಷಯದಲ್ಲಿ ಖಳನಾಯಕನನ್ನು ಹುಡುಕುವುದು ಅಷ್ಟು ಸುಲಭವಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ 1982ರಲ್ಲಿ ಮತದಾರರೇ ಕಂಪನಿ ಬೇಸಾಯದ ನಿಷೇಧವನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದ್ದರು. 2006ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಅದು ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಅಡ್ಡಿ ಎಂದು ತೆಗೆದುಹಾಕಿತು.

ಕರ್ನಾಟಕದ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಿಯೇ ಕೇಳುತ್ತೀರಿ. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ‘ಉಳುವವನೇ ಹೊಲದೊಡೆಯ’ ಎಂದು ಗೇಣಿ ಪದ್ಧತಿಯನ್ನೇ ಕೊನೆಗೊಳಿಸಿತು. 79ಎ ಮತ್ತು 79ಬಿ ಕಲಮುಗಳು ಹೆಚ್ಚು ವರಮಾನವುಳ್ಳವರನ್ನೂ ಕಂಪನಿಗಳನ್ನೂ ಹೊರಗಿಟ್ಟಿದ್ದವು. 2020ರ ತಿದ್ದುಪಡಿ ಈ ಎರಡನ್ನೂ 1974ರಿಂದಲೇ ಅನ್ವಯವಾಗುವಂತೆ ತೆಗೆದುಹಾಕಿತು. ಕೊಳ್ಳುವ ಬಾಗಿಲು ಹೀಗೆ ತೆರೆಯಿತು, ಗೇಣಿಯ ನಿಷೇಧ ಮಾತ್ರ ಹಾಗೆಯೇ ಉಳಿಯಿತು. ನನ್ನ ಕಸುಬಿನ ಕಣ್ಣಿಗೆ ಅಪಾಯ ಕಾಣುವುದು ಈ ಜೋಡಿಯಲ್ಲಿ. ಹೊರಗಿನವರು ಕೊಂಡ ಜಮೀನನ್ನು ಯಾರಾದರೂ ಉಳಲೇಬೇಕು. ಅವನು ಉಳುವುದು ಬಾಯಿಮಾತಿನ ಮೇಲೆ. ಬೆಳೆ ಸಾಲಕ್ಕೆ, ವಿಮೆಗೆ, ಪರಿಹಾರಕ್ಕೆ ಹೋದಾಗ ಅವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ.

ಪ್ರಶ್ನೆ (ರೈತರ ಮಗಳು): ಅಪ್ಪನಿಗೆ ಸಾಲ ಜಾಸ್ತಿಯಾಗಿದೆ. ಒಂದು ಸಂಸ್ಥೆಯವರು ನಮ್ಮ ಜಮೀನು ಕೊಂಡು ನಮಗೇ ಗೇಣಿಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಸಾಲ ತೀರುತ್ತದೆ, ಬೇಸಾಯವೂ ಉಳಿಯುತ್ತದೆ. ಒಪ್ಪಬಹುದೇ?

ಉತ್ತರ: ಮೊದಲು ಮಾರುವುದೇ ಬೇಕೇ ಎಂದು ನೋಡಿ. ಜಮೀನಿನ ಒಂದು ತುಂಡು ಮಾರಿದರೆ ಸಾಲ ತೀರುವುದಾದರೆ ಅಷ್ಟನ್ನೇ ಮಾರಿ, ಆ ತುಂಡಿಗೆ ಮೊದಲು ನೆರೆಯ ರೈತರನ್ನು ಕೇಳಿ.

ಪೂರ್ತಿ ಮಾರಲೇಬೇಕಾದರೆ ಕ್ರಯದ ಬೆಲೆಯಷ್ಟೇ ಗಮನವನ್ನು ಗೇಣಿಯ ಕರಾರಿಗೂ ಕೊಡಿ. ಇಲ್ಲಿಯೇ ಎಲ್ಲರೂ ಎಡವುತ್ತಾರೆ. ಬೆಲೆಗೆ ಎರಡು ತಿಂಗಳು ಚೌಕಾಸಿ ಮಾಡಿ, ಕರಾರಿಗೆ ಹತ್ತು ನಿಮಿಷದಲ್ಲಿ ಸಹಿ ಹಾಕುತ್ತಾರೆ. ಮೂರು ವರ್ಷದ ಕರಾರಾದರೆ ನಿಮ್ಮ ಅಪ್ಪನ ಬೇಸಾಯ ಉಳಿಯುವುದು ಮೂರೇ ವರ್ಷ. ಅವರು ಇನ್ನೊಬ್ಬರಿಗೆ ಮಾರಿದರೂ ಕರಾರು ಮುಂದುವರಿಯಬೇಕು, ಮಾರುವ ಮುನ್ನ ನಿಮ್ಮನ್ನೇ ಮೊದಲು ಕೇಳಬೇಕು. ಇವೆರಡೂ ಬರವಣಿಗೆಯಲ್ಲಿರಲಿ. ಮನೆ, ಕೊಟ್ಟಿಗೆ, ಬಾವಿ ಇರುವ ಜಾಗವನ್ನು ಯಾವ ಕಾರಣಕ್ಕೂ ಒಂದೇ ಕ್ರಯಪತ್ರದಲ್ಲಿ ಸೇರಿಸಬೇಡಿ. ಗೇಣಿ ಕರಾರನ್ನೇ ಒಪ್ಪದ ಕಾನೂನು ನಿಮ್ಮಲ್ಲಿದ್ದರೆ ಅವರ ಭರವಸೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಸಹಿಗೆ ಮುಂಚೆ ವಕೀಲರೊಬ್ಬರಿಗೆ ತೋರಿಸಿ, ಅವರು ಕೊಂಡವರ ಕಡೆಯ ವಕೀಲರಾಗಿರಬಾರದು.

ಪ್ರಶ್ನೆ (ಮೊದಲು ಕೇಳಿದ ರೈತ): ಮೇಡಂ, ನಾಳಿದ್ದು ಆ ಮ್ಯಾನೇಜರ್ ಬರುತ್ತಾರೆ. ನಾನು ಏನು ಕೇಳಲಿ? ಬಿಟ್ಟುಬಿಡಲೂ ಮನಸ್ಸಿಲ್ಲ, ಅವರು ಹೇಳುವ ಗೇಣಿ ಕೊಡಲೂ ಆಗದು.

ಉತ್ತರ: ನಿಮ್ಮ ಕೈ ನೀವು ತಿಳಿದಷ್ಟು ಬರಿದಲ್ಲ. ಅವರಿಗೆ ಹೊಲ ಪಾಳು ಬೀಳುವುದು ಬೇಡ, ಹೊಸ ಗೇಣಿದಾರ ಕೈಕೊಡುವುದೂ ಬೇಡ. ಹನ್ನೊಂದು ವರ್ಷ ತಪ್ಪದೆ ಗೇಣಿ ಕೊಟ್ಟವರು ಎಂಬುದು ಅವರ ಮೇಲಧಿಕಾರಿಗೆ ಬರೆಯುವ ವರದಿಯಲ್ಲಿ ಒಳ್ಳೆಯ ಸಾಲು.

ನಿಮ್ಮಲ್ಲಿ ಗೇಣಿ ಕರಾರಿಗೆ ಕಾನೂನಿನ ಒಪ್ಪಿಗೆ ಇದೆ ಎಂದುಕೊಂಡು ಹೇಳುತ್ತೇನೆ. ಗೇಣಿ ಕಡಿಮೆ ಮಾಡಿ ಎಂದು ಶುರು ಮಾಡಬೇಡಿ. ಎರಡು ಭಾಗದ ಗೇಣಿ ಕೇಳಿ: ಕೆಟ್ಟ ವರ್ಷದಲ್ಲೂ ಕೊಡಬಲ್ಲಷ್ಟು ಒಂದು ಮೂಲ ಗೇಣಿ, ಇಳುವರಿಯೋ ಬೆಲೆಯೋ ಇಂತಿಷ್ಟು ದಾಟಿದರೆ ಮೇಲಿನದರಲ್ಲಿ ಒಂದು ಪಾಲು. ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಇದು ರೂಢಿಯಲ್ಲಿರುವ ಪದ್ಧತಿ, ಮ್ಯಾನೇಜರಿಗೆ ಹೊಸದೆನಿಸಲಾರದು. ಅವಧಿ ಐದು ವರ್ಷಕ್ಕಿಂತ ಕಡಿಮೆ ಬೇಡ. ಬಿಡಿಸುವುದಾದರೆ ಉಳುಮೆಗೆ ಮುಂಚೆ, ಇಂತಿಷ್ಟು ತಿಂಗಳ ಮೊದಲು ಲಿಖಿತವಾಗಿ ತಿಳಿಸಬೇಕು ಎಂದು ಬರೆಸಿ.

ನಾಳೆ ಬೆಳಿಗ್ಗೆ ಇನ್ನೊಂದು ಕೆಲಸ ಮಾಡಿ. ಆ ಹೊಲದ ಮಣ್ಣನ್ನು ನಾಲ್ಕೈದು ಕಡೆಯಿಂದ ತೆಗೆದು ಬೆರೆಸಿ, ಪರೀಕ್ಷೆಗೆ ಕಳುಹಿಸಿ. ವರದಿ ಬರಲು ದಿನ ಹಿಡಿಯುತ್ತದೆ, ಮಾದರಿ ಕೊಟ್ಟ ರಸೀದಿ ಸದ್ಯಕ್ಕೆ ಸಾಕು. ನೀವು ಹಾಕಿಸಿದ ಸುಣ್ಣ, ಗೊಬ್ಬರ, ಹೂಳೆತ್ತಿಸಿದ ಕೂಲಿ, ಇವುಗಳ ಚೀಟಿ ಮನೆಯಲ್ಲಿ ಎಲ್ಲಿದ್ದರೂ ಹುಡುಕಿ ಒಂದು ಕಡೆ ಜೋಡಿಸಿಡಿ. ಮುಂದೆ ಬಿಡಬೇಕಾಗಿ ಬಂದರೆ, ಫಲ ಇನ್ನೂ ಮುಗಿಯದೆ ಮಣ್ಣಿನಲ್ಲಿ ಉಳಿದ ಸುಧಾರಣೆಗೆ ಪರಿಹಾರ ಕೊಡಬೇಕು ಎಂಬ ಷರತ್ತನ್ನು ಅದೇ ಚೀಟಿಗಳನ್ನು ಮೇಜಿನ ಮೇಲಿಟ್ಟು ಕೇಳಿ. ಒಪ್ಪದಿದ್ದರೆ ಸುಣ್ಣಕ್ಕೆ ಅವರೇ ಹಣ ಕೊಡಲಿ, ಹಾಕುವ ಕೆಲಸ ನಿಮ್ಮದಾಗಲಿ. ಮಾತುಕತೆ ಆದಮೇಲೆ ಏನಾಯಿತೆಂದು ಇಲ್ಲಿ ಬರೆಯಿರಿ, ಕರಾರಿನ ಕರಡು ಕೊಟ್ಟರೆ ಸಹಿ ಹಾಕುವ ಮುಂಚೆ ಓದಿ ಹೇಳುತ್ತೇನೆ.